ಎರಡ ಸುತ್ತೋ, ಮೂರ ಸುತ್ತೋ?

ಹೋದ ವಾರ ಬಾಜೂ ಮನಿ ವೈನಿ ಬಂದು ನಮ್ಮ ಕಡಗೋಲ ಹಗ್ಗ ಇಸಗೊಂಡ ಹೋಗಿದ್ರು. ಅರ್ಧಾ ತಾಸ ಆಗಿರಲಿಲ್ಲ, ಹಗ್ಗ ಕೈಯಾಗ ಹಿಡಕೊಂಡ ತಿರುಗಿ ಬಂದ್ರು. "ನಿಮ್ಮ ಹಗ್ಗ ಜಾರ್ತೇತಿ ನೋಡ್ರಿ, ಕಡಗೋಲ ತಿರಗವಲ್ದು" ಅಂದ್ರು.

"ಎಷ್ಟ ಸುತ್ತ ಹಾಕೀರಿ?" ಅಂದೆ.

"ಎರಡ."

"ಮೂರ ಹಾಕ್ರಿ."

ಅಷ್ಟ ಹೇಳಿ ಕಳಿಸಿದೆ. ಅವ್ರು ಹೋದ ಮ್ಯಾಲೆ ನನಗ ನಗು ಬಂತು. ಯಾಕಂದ್ರ ಈ ಎರಡ ಸುತ್ತು ಮೂರ ಸುತ್ತಿನ ಸಂಬಂಧ ನಾ ಈ ಮನಿಗೆ ಬಂದ ಮೊದಲನೇ ವಾರನ ಅತ್ತೀನಿ. ಅದನ್ನ ಇವತ್ತ ಬರದ ಬಿಡೂಣು ಅಂತ ಕುಂತೀನಿ. ಮಜ್ಜಿಗಿ ಸುದ್ದಿ ಅಂತ ಬಿಡಬ್ಯಾಡ್ರಿ, ಪೂರಾ ಓದ್ರಿ. ನಡಕ ಜೀವದ ಸುದ್ದಿನೂ ಐತಿ.

ನನ್ನ ತವರಮನಿ ರಾಯಬಾಗ ತಾಲೂಕ. ಅಲ್ಲಿ ನಮ್ಮ ಅವ್ವ ಕಡಗೋಲಕ್ಕ ಎರಡ ಸುತ್ತ ಹಾಕತಿದ್ಲು. ಕಂಬಕ್ಕ ಕಡಗೋಲ ನಿಂದ್ರಿಸಿ, ಗಡಿಗಿ ಕೆಳಗ ಸಿಂಬಿ ಇಟ್ಟು, ಬಲಗೈ ಎಡಗೈ ಜಗ್ಗಿದ್ರ ಸರ್‌ಬರ್ ಅಂತ ತಿರಗತಿತ್ತು. ನಾನೂ ಹಂಗ ಕಲತೆ. 1990ರಾಗ ಲಗ್ನ ಆಗಿ ಚಿಕ್ಕೋಡಿ ತಾಲೂಕಿನ ಈ ಹೊಳಿದಂಡಿ ಊರಿಗೆ ಬಂದೆ. ಬಂದ ನಾಕನೇ ದಿನ ಅತ್ತಿಯವ್ರು ಮಜ್ಜಿಗಿ ಕಡಿ ಅಂದ್ರು. ನಾ ಎರಡ ಸುತ್ತ ಹಾಕಿ ಜಗ್ಗಿದೆ. ಹಗ್ಗ ಜಾರಿ ಜಾರಿ ಹೋತು, ಕಡಗೋಲ ಅಲ್ಲೇ ನಿಂತ್ತು. ಅತ್ತಿಯವ್ರು ಬಾಗಲದಾಗ ನಿಂತು ನೋಡಿ, "ನಿಮ್ಮ ತವರಮನ್ಯಾಗ ಮಜ್ಜಿಗಿ ಕಡ್ಯಾಕೂ ಕಲಿಸಿಲ್ಲೇನವಾ? ಮೂರ ಸುತ್ತ ಹಾಕಬೇಕ" ಅಂದ್ರು. ನನಗ ಅಂದಿದ್ರ ಆಗ್ತಿತ್ತು, ಅವ್ವಗ ಅಂದ್ರಲ್ಲ ಅಂತ ಹಿತ್ತಲದಾಗ ಹೋಗಿ ಅತ್ತೆ. ಪಂಚಮಿಗೆ ತವರಿಗೆ ಹೋದಾಗ ಅವ್ವಗ ಹೇಳಿದೆ. ಅವ್ವ, "ಮೂರ ಸುತ್ತ ಹಾಕಿದ್ರ ತೋಳ ಬೀಳ್ತಾವು. ಎರಡ ಸಾಕ" ಅಂದ್ಲು. ಹಿಂಗ ಇಬ್ಬರ ನಡಕ ನಾನು. ಆಚಿ ಹೋದ್ರ ಎರಡ, ಈಚಿ ಬಂದ್ರ ಮೂರ.

ಇಬ್ಬರೂ ಖರೇ ಹೇಳಿದ್ರು ಅಂತ ನನಗ ಗೊತ್ತಾಗಾಕ 29 ವರ್ಷ ಹಿಡೀತು. ಅದನ್ನ ಕಡೀಕ ಹೇಳ್ತೀನಿ. ಮೊದಲ ನಮ್ಮ ಸೋದರತ್ತಿ ಕಥಿ ಹೇಳಬೇಕ.

ನಾ ಆಗ ಒಂಬತ್ತ ವರ್ಷದಾಕಿ. ನಮ್ಮೂರಾಗ ಕರೆಂಟ್ ಇತ್ತು, ಆದ್ರ ಗಿರಣಿ ಡೀಸೆಲ್ ಇಂಜಿನ್ ಮ್ಯಾಲೆ ನಡೀತಿತ್ತು. ಆ ಟುಕ್ ಟುಕ್ ಸಪ್ಪಳ ಕೇಳಿದ್ರ ಹೆಣ್ಮಕ್ಕಳು ಬುಟ್ಟಿ ಹೊತಗೊಂಡ ಹೊಂಟಬಿಡ್ತಿದ್ರು. ಇಂಜಿನ್ನಿನ ಗಾಲಿಯಿಂದ ಗಿರಣಿ ಗಾಲಿಗೆ ಒಂದ ಅಗಲನ ಪಟ್ಟಾ. ಅದನ್ನ ಒಂದ ಸಲ ಹೊಳ್ಳಿಸಿ ಕತ್ತರಿ ಹಾಕಿದಂಗ ಹಾಕಿರತಿದ್ರು. ಪಟ್ಟಾ ಜಾರಾಕ ಹತ್ತಿದ್ರ ಗಿರಣಿಯವ ರಾಳದ ಹಳ್ಳ ತಗೊಂಡು ಪಟ್ಟಾಕ್ಕ ತಿಕ್ಕತಿದ್ದ. ಆಗ ಪಟ್ಟಾ ಗಾಲಿಗಿ ಅಂಟಿದಂಗಾಗಿ ಗಿರಣಿ ಮತ್ತ ಓಡತಿತ್ತು. ಇದೆಲ್ಲಾ ನಮಗ ಆಟ ನೋಡಿದಂಗ.

ಒಂದ ದಿನ ಅತ್ತಿ ಜ್ವಾಳದ ಬುಟ್ಟಿ ತಗೊಂಡು ಹೋದ್ಲು, ನಾನೂ ಬೆನ್ನ ಹತ್ತಿದ್ದೆ. ಆಕಿ ಬಗ್ಗಿ ಹಿಟ್ಟ ತುಂಬಕೊಳ್ಳುವಾಗ ಗಾಳಿಗೆ ಸೆರಗಿನ ಚುಂಗ ಹಾರಿ ತಿರಗೂ ಸಲಾಕಿಗೆ ತಾಕ್ತು. ತಾಕಿದ್ದ ಅಷ್ಟ. ಒಂದ ಸುತ್ತ ಸುತ್ತಗೊಂತು. ಅತ್ತಿ "ಅಯ್ಯ" ಅಂತ ಕೈಲೆ ಸೆರಗ ಜಗ್ಗಿದ್ಲು. ಜಗ್ಗಿದಷ್ಟೂ ಬಿಗೀತು. ಹಿಂದ ನಿಂತ ಹುಡುಗನೂ ಆಕಿ ಸೀರಿ ಹಿಡದ ಜಗ್ಗಿದ. ಇನ್ನೂ ಬಿಗೀತು. ಎಡಗೈ ಸೀರಿ ಜೋಡಿನ ಒಳಗ ಹೋತು. ಯಾರೋ ಒಬ್ಬರು ಇಂಜಿನ್ ಬಂದ್ ಮಾಡಿದ್ರು. ಆದ್ರ ಆ ದೊಡ್ಡ ಗಾಲಿ ಲಗೂನ ನಿಂದ್ರೂದಿಲ್ಲ. ಗಿರಣಿಯವ ಕಟ್ಟಗಿ ತಗೊಂಡು ಪಟ್ಟಾ ಹೊಡದ ಕೆಡವಿದ, ಆಗ ನಿಂತ್ತು.

ಅತ್ತಿ ಬದುಕಿದ್ಲು. ಮೀರಜಕ್ಕ ಒಯ್ದ್ರು, ದೀಡ ತಿಂಗಳ ಅಲ್ಲೇ ಇದ್ಲು. ಎಡಗೈ ಸೊಟ್ಟ ಆಗಿ ಕೂಡಿತು. ಆಮ್ಯಾಲೆ ಆಕಿ ರೊಟ್ಟಿ ಬಡೀತಿದ್ಲು, ಕಸ ತಗೀತಿದ್ಲು, ಒಂದ ಕೈಲೆ ಎಲ್ಲಾ ಮಾಡತಿದ್ಲು. ಮಜ್ಜಿಗಿ ಒಂದ ಕಡ್ಯಾಕ ಬರತಿರಲಿಲ್ಲ. ಅದಕ್ಕ ಎರಡೂ ಕೈ ಬೇಕಲ್ಲ. ಹಂಗಾಗಿ ಆ ಕೆಲಸ ಒಂಬತ್ತ ವರ್ಷದ ನನ್ನ ಪಾಲಿಗೆ ಬಂತು. ಅತ್ತಿ ಬಾಜೂಕ ಕುಂತು, "ಒಂದ ಕೈ ಜಗ್ಗುವಾಗ ಇನ್ನೊಂದ ಕೈ ಪೂರಾ ಸಡ್ಲ ಬಿಡಬ್ಯಾಡ ಕೂಸ, ಹಗ್ಗ ಜಾರ್ತೇತಿ. ಸ್ವಲ್ಪರ ಹಿಡದಿರು" ಅಂತ ಹೇಳತಿದ್ಲು. ಆ ಮಾತ ನನಗ ಮುಂದ ಎಲ್ಲಿ ಕೆಲಸಕ್ಕ ಬಂತು ಅಂತ ಈಗ ಹೇಳ್ತೀನಿ.

2019ರ ಆಗಸ್ಟ್ ನೆನಪಿಲ್ಲದವ್ರು ನಮ್ಮ ಕಡೆ ಯಾರಿದ್ದಾರ? ಮ್ಯಾಲೆ ಮಹಾಬಳೇಶ್ವರ, ಕೊಯ್ನಾ ಕಡೆ ಮಳಿ ಹೊಡದ್ರ ಇಲ್ಲಿ ಬಿಸಲಿದ್ರೂ ಹೊಳಿ ಏರ್ತೇತಿ. ನಿಪ್ಪಾಣಿ ಕಡಿಂದ ವೇದಗಂಗಾ, ದೂಧಗಂಗಾ ನೀರೂ ಬಂದು ಕೃಷ್ಣಾಕ್ಕ ಕೂಡ್ತಾವು. ಕಲ್ಲೋಳ–ಯಡೂರ ಬಾಂದಾರ ಮುಳಗೂದು ನಮಗೇನ ಹೊಸಾದಲ್ಲ, ವರ್ಷಾ ಮುಳಗ್ತೇತಿ. ಅದಕ್ಕ ಮಂದಿ ಮೊದಲ ಲಕ್ಷ್ಯ ಕೊಡಲಿಲ್ಲ. 2005ರಾಗ ಎಲ್ಲಿತನಾ ಬಂದಿತ್ತು ಅಂತ ಗ್ವಾಡಿ ಮ್ಯಾಲೆ ಗುರತ ಇತ್ತು. ಅದನ್ನ ನೋಡಿ "ಇಲ್ಲಿಗಂತೂ ಬರೂದಿಲ್ಲ" ಅಂತ ಕುಂತಿದ್ವಿ. ಈ ಸಲ ಆ ಗುರತನ ಮುಳಗ್ತು. ಚಿಕ್ಕೋಡಿ, ಅಥಣಿ, ರಾಯಬಾಗ, ಕಾಗವಾಡ, ನಿಪ್ಪಾಣಿ, ಎಲ್ಲಾ ಕಡೆ ಅದ ಗೋಳ.

ನಾವು ಮ್ಯಾಗಿನ ಓಣಿಗೆ ಬಂದಿದ್ವಿ. ಅತ್ತಿಯವ್ರು ಬರಲಿಲ್ಲ. ಕೆಳಗಿನ ಓಣ್ಯಾಗ ಹಳೇ ಮನಿ, ಅಲ್ಲಿ ಅವ್ರ ಎಮ್ಮಿ. "ಎಮ್ಮಿ ಬಿಟ್ಟ ನಾ ಬರೂದಿಲ್ಲ" ಅಂತ ಅಟ್ಟದ ಮ್ಯಾಲೆ ಕುಂತ್ರು. ಸಂಜಿಕ ಎಮ್ಮಿ ಕಣ್ಣಿ ಕೊಯ್ದು ಬಿಟ್ರು, ಅದು ಈಸಿಗೋಂತ ದಿಬ್ಬಾ ಹತ್ತಿ ಬಂತು. ಅತ್ತಿಯವ್ರು ಮಾತ್ರ ಅಲ್ಲೇ ಉಳದ್ರು. ನಡಕಿನ ಓಣ್ಯಾಗ ನೀರ ಹೊಳಿ ಹರದಂಗ ಹರೀತಿತ್ತು.

ಮರುದಿನ ಮುಂಜಾನೆ ಒಬ್ಬ ಅಂಬಿಗರ ಅಜ್ಜ ದೋಣಿ ತಂದ. ಓಣಿ ತುದಿಗೆ ಒಂದ ದೊಡ್ಡ ಬೇವಿನ ಗಿಡ ಐತಿ. ದೋಣಿಗೆ ಹಗ್ಗ ಕಟ್ಟಿ, ಆ ಗಿಡಕ್ಕ ಹಗ್ಗ ಸುತ್ತಿ, ಸ್ವಲ್ಪ ಸ್ವಲ್ಪ ಬಿಟಗೋಂತ ದೋಣಿ ಕೆಳಗ ಇಳಿಸೂದು, ಮಂದಿನ್ನ ಕುಂದ್ರಿಸಿಕೊಂಡ ಮ್ಯಾಲೆ ಆರ ಮಂದಿ ಗಂಡಸರು ಹಗ್ಗ ಜಗ್ಗಿ ವಾಪಸ್ ತರೂದು. ಅವ್ರು ಜಗ್ಗಿದಂಗ ಜಗ್ಗಿದಂಗ ಗಿಡದ ಹಿಂದ ಸಡ್ಲ ಬಂದ ಹಗ್ಗಾ ಎಳಕೊಂಡು ಬಿಗಿ ಹಿಡ್ಯಾಕ ಒಬ್ಬರ ಬೇಕಿತ್ತು. ಗಂಡಸರೆಲ್ಲಾ ಜಗ್ಗಾಕ ನಿಂತಿದ್ರು. ನಾ ಹೋದೆ.

ಹೋದಾಕಿ ಮೊದಲ ಏನ ಮಾಡಿದೆ ಗೊತ್ತೇನ? ಹಗ್ಗದ ತುದಿ ನನ್ನ ಮುಂಗೈಗೆ ಎರಡ ಸುತ್ತ ಸುತ್ತಗೊಂಡೆ. ಬಿಗಿ ಹಿಡೀಬೇಕಂದ್ರ ನಾವೆಲ್ಲಾ ಮಾಡೂದು ಅದನ್ನ ಅಲ್ಲೇನ? ಕರಾ ಹಿಡಕೊಂಡ ಹೋಗುವಾಗ ಕಣ್ಣಿ ಕೈಗೆ ಸುತ್ತಗೋತೀವಿ. ಅಜ್ಜ ದೋಣ್ಯಾಗಿಂದ ನೋಡಿದ. ಜೋರಲೇ ಚೀರಿದ: "ಏ ತಂಗೀ! ಕೈಗೆ ಸುತ್ತಗೋಬ್ಯಾಡ, ಕೈ ಹೋಗ್ತೇತಿ! ಗಿಡಕ್ಕ ಸುತ್ತು! ಮೂರ ಸುತ್ತ ಹಾಕು. ತುದಿ ಅಷ್ಟ ಹಿಡಿ, ಬಿಡಬ್ಯಾಡ!"

ನನಗ ಒಮ್ಮಿಗೇ ಅತ್ತಿಯ ಸೊಟ್ಟ ಕೈ ಕಣ್ಣ ಮುಂದ ಬಂತು. ಕೈಯಿಂದ ಹಗ್ಗ ಬಿಚ್ಚಿ ಗಿಡಕ್ಕ ಮೂರ ಸುತ್ತ ಮಾಡಿದೆ.

ಅತ್ತಿಯವ್ರು, ಮತ್ತ ಇಬ್ಬರು ಮುದಕ್ಯಾರು, ಒಂದ ಕೂಸಿನ ತಾಯಿ, ಅಜ್ಜ, ಇಷ್ಟ ಮಂದಿ ದೋಣ್ಯಾಗ. ಅರ್ಧಾ ದಾರಿಗೆ ಬಂದಾಗ ಒಂದ ದೊಡ್ಡ ಕಟಗಿ ತುಂಡ ತೇಲಿ ಬಂದು ದೋಣಿಗೆ ಹೊಡೀತು. ಜಗ್ಗೂ ಮಂದ್ಯಾಗ ಮುಂದಿನವನ ಕಾಲ ಕೆಸರಾಗ ಜಾರ್ತು, ಅವನ ಮ್ಯಾಲೆ ಎರಡನೇಯವ, ಒಬ್ಬರ ಮ್ಯಾಲೆ ಒಬ್ಬರು ಬಿದ್ರು. ಆರೂ ಮಂದಿ ಕೈಯಿಂದ ಹಗ್ಗ ಹೋತು. ಹಗ್ಗ ಬಿಗಿದು ಬೇವಿನ ತೊಗಟಿ ಮ್ಯಾಲೆ ಕರ್ರ್ ಅಂತು. ಒಂದ ಗೇಣ ಜಾರ್ತು. ನನ್ನ ಕೈಯಾಗ ತುದಿ ಇತ್ತು. ಹಿಡದೆ. ನಿಂತ್ತು.

ಖರೇ ಹೇಳ್ತೀನಿ, ಐದ ಮಂದಿ ಕುಂತ ದೋಣಿ, ಹರಿಯೂ ನೀರು, ನಾ ಹಿಡದ ಜಗ್ಗ ಒಂದ ಕೊಡ ನೀರ ಸೇದುವಾಗ ಹಿಡದಷ್ಟೂ ಇರಲಿಲ್ಲ. ನಾ ಹೆದರಿ ಅಳಾಕ ಹತ್ತಿದ್ದೆ, ಕೈ ಮಾತ್ರ ಬಿಡಲಿಲ್ಲ. ಗಂಡಸರು ಎದ್ದು ಮತ್ತ ಹಗ್ಗ ಹಿಡದ್ರು. ದೋಣಿ ದಂಡಿಗೆ ಬಂತು.

ಗಂಜಿ ಕೇಂದ್ರದಾಗ ಹದಿನಾರ ದಿನ ಇದ್ವಿ. ಆ ದೀಪಾವಳಿಗೆ ಮಗ ಪುಣೆಯಿಂದ ಬಂದಾಗ ಕೇಳಿದೆ. ಅವ ಡಿಪ್ಲೋಮಾ ಮೆಕ್ಯಾನಿಕಲ್ ಓದ್ಯಾನ. "ಆರ ಮಂದಿ ಕೈಲೆ ಆಗದ್ದು ನನ್ನ ಒಬ್ಬಾಕಿ ಕೈಲೆ ಹೆಂಗ ಆತಪಾ? ದೇವರ ಹಿಡದ್ನೇನ?" ಅವ ನಕ್ಕ. "ದೇವರೂ ಹಿಡದಿರಬೇಕ ಬೇ. ಆದ್ರ ಗಿಡ ಹಿಡದದ್ದು ಖರೇ. ಇದರ ಲೆಕ್ಕ ಐತಿ" ಅಂದ. ಆಯ್ಲರ್ ಅಂತ ಸ್ವಿಟ್ಜರ್ಲೆಂಡಿನ ಗಣಿತದ ಪಂಡಿತ, 18ನೇ ಶತಮಾನದಾಗಿನವ. ಅವನ ಹೆಸರು, ಐಟೆಲ್‌ವೈನ್ ಅಂತ ಒಬ್ಬ ಜರ್ಮನ್ ಇಂಜಿನಿಯರನ ಹೆಸರು, ಎರಡೂ ಕೂಡಿಸಿ ಆ ಲೆಕ್ಕಕ್ಕ ಇಟ್ಟಾರಂತ. ನಾ ಪಿಯುಸಿ ಆರ್ಟ್ಸ್ ಮಾಡಿದಾಕಿ, ನನಗ ಆ ಅಕ್ಷರದ ಲೆಕ್ಕ ಬ್ಯಾಡ, ನಮ್ಮ ಮಾತಿನಾಗ ಹೇಳು ಅಂದೆ. ಅವ ಹೇಳಿದ್ದನ್ನ ನನಗ ತಿಳದಂಗ ಹೇಳ್ತೀನಿ.

ಹಗ್ಗ ಒಂದ ಕಂಬಕ್ಕ ಸುತ್ತಿ ಬಿಗಿದ್ರ ಅದು ಕಂಬನ್ನ ಒತ್ತತೇತಿ. ಒತ್ತಿದಲ್ಲೆಲ್ಲಾ ತಿಕ್ಕಾಟ ಆಗ್ತೇತಿ. ಆ ತಿಕ್ಕಾಟ ಹಗ್ಗದ ಜಗ್ಗನ್ನ ಸ್ವಲ್ಪ ಸ್ವಲ್ಪ ತಿಂತೈತಿ. ಸುತ್ತ ಹೆಚ್ಚಾದಂಗ ಅದು ಕೂಡಿಕೆ ಆಗೂದಿಲ್ಲ, ಗುಣಾಕಾರ ಆಗ್ತೇತಿ. ನಮ್ಮ ಸ್ತ್ರೀಶಕ್ತಿ ಸಂಘದಾಗ ಚಕ್ರಬಡ್ಡಿ ಲೆಕ್ಕ ಎಲ್ಲಾರಿಗೂ ಗೊತ್ತೈತಿ, ಥೇಟ್ ಹಂಗ. ಒಣಾ ಹಗ್ಗ, ಕಟಗಿ ಕಂಬ ಇದ್ರ ಒಂದ ಸುತ್ತಿಗೆ ಸುಮಾರ ಆರೂವರಿ ಪಟ್ಟ ಅಂತ ಹಿಡೀರಿ. ಎರಡ ಸುತ್ತಿಗೆ ಹದಿಮೂರ ಪಟ್ಟ ಅಲ್ಲ, ಆರೂವರಿ ಆರೂವರ್ಲೆ, ಅಂದ್ರ 42ರ ಮ್ಯಾಲೆ. ಮೂರ ಸುತ್ತಿಗೆ 270ಕ್ಕಿಂತಾ ಹೆಚ್ಚ! ಒದ್ದಿ ನೈಲಾನ್ ಹಗ್ಗ ಜಾರ್ತೇತಿ, ಅದರ ಲೆಕ್ಕ ಭಾಳ ಕಡಿಮಿ. ಮೂರ ಸುತ್ತಿಗೆ ಬರೇ 40 ಪಟ್ಟ ಹಿಡದ್ರೂ, ಆಚಿಗೆ 200 ಕಿಲೋ ಜಗ್ಗಿದ್ರ ಈಚಿಗೆ ನನ್ನ ಕೈಗೆ ಬರೂದು 5 ಕಿಲೋ.

ಇನ್ನೊಂದ ವಿಚಿತ್ರ ಹೇಳಿದ. ಕಂಬ ದಪ್ಪ ಇರಲಿ ಸಣ್ಣ ಇರಲಿ, ಲೆಕ್ಕ ಬದಲಾಗೂದಿಲ್ಲ. ಎಷ್ಟ ಸುತ್ತ ಹಾಕೀರಿ, ಹಗ್ಗ ಎಷ್ಟ ಒರಟ ಐತಿ, ಅವೆರಡ ಮುಖ್ಯ. ಮತ್ತ ಮೂರನೇದು: ತುದಿ ಪೂರಾ ಬಿಟ್ರ ಎಲ್ಲಾ ಹೋತು. ಸೊನ್ನೆಗೆ 40ರ್ಲೆ ಗುಣಿಸಿದ್ರೂ ಸೊನ್ನೆ, 270ರ್ಲೆ ಗುಣಿಸಿದ್ರೂ ಸೊನ್ನೆ. ಅಜ್ಜ "ತುದಿ ಬಿಡಬ್ಯಾಡ" ಅಂದದ್ದು ಅದಕ್ಕ. ನಮ್ಮ ಸೋದರತ್ತಿ "ಇನ್ನೊಂದ ಕೈ ಸ್ವಲ್ಪರ ಹಿಡದಿರು" ಅಂದದ್ದೂ ಅದಕ್ಕ. ಆ ಅಜ್ಜ ಸಾಲಿ ಮೆಟ್ಟಲಾ ಹತ್ತಿಲ್ಲ, ನಮ್ಮ ಅತ್ತಿನೂ ಹತ್ತಿರಲಿಲ್ಲ.

ಈಗ ಎರಡ ಸುತ್ತು ಮೂರ ಸುತ್ತಿನ ನ್ಯಾಯ. ನಮ್ಮ ಅವ್ವನ ಹಗ್ಗ ಪುಂಡಿ ನಾರಿಂದು, ನಮ್ಮಪ್ಪ ಹೊಸದಿದ್ದದ್ದು, ಒರಟ. ಅದಕ್ಕ ಎರಡ ಸುತ್ತ ಸಾಕು, ಮೂರ ಹಾಕಿದ್ರ ಖರೇನ ತೋಳ ಬೀಳ್ತಾವು. ಅತ್ತಿಯವ್ರ ಹಗ್ಗ ಹಳೇ ಸೀರಿ ಹೆಣದ ಮಾಡಿದ್ದು, ಮ್ಯಾಲೆ ಹತ್ತ ವರ್ಷದ ಬೆಣ್ಣಿ ಕುಡದದ್ದು, ನುಣ್ಣಗ. ಅದಕ್ಕ ಮೂರ ಬೇಕ. ಅವ್ವಂದೂ ಖರೇ, ಅತ್ತೀದೂ ಖರೇ. ಹಗ್ಗ ಬ್ಯಾರೆ ಇತ್ತು ಅಂತ ಇಬ್ಬರೂ ಹೇಳಲಿಲ್ಲ, ನಾನೂ ನೋಡಲಿಲ್ಲ. ಅಷ್ಟಕ್ಕ ನಾ ಹಿತ್ತಲದಾಗ ಅತ್ತದ್ದ ಬಂತು.

ಬಾವಿ ರಾಟಿನೂ ಹಿಂಗ ನೋಡ್ರಿ. ರಾಟಿ ಸರಳ ತಿರಗಿದ್ರ 15 ಕಿಲೋ ಕೊಡ 15 ಕಿಲೋನ ಹತ್ತತೇತಿ. ಜಂಗ ಹಿಡದು ನಿಂತ್ರ ಹಗ್ಗ ಅದರ ಮ್ಯಾಲೆ ಅರ್ಧಾ ಸುತ್ತ ತಿಕ್ಕತೇತಿ, ಅರ್ಧಾ ಸುತ್ತಿಗೇ ಎರಡೂವರಿ ಪಟ್ಟ ಆಗಬಹುದು. ಅಂದ್ರ ಒಂದ ಕೊಡಕ್ಕ ಸುಮಾರ 38 ಕಿಲೋ ಜಗ್ಗಬೇಕ. "ವಯಸ್ಸಾತು, ನೀರ ಸೇದಾಕ ಆಗವಲ್ದು" ಅಂತ ನಾವು ನಮ್ಮ ತೋಳಿಗೆ ಬಯ್ಕೋತೀವಿ. ಮೊದಲ ರಾಟಿಗೆ ಎರಡ ಹನಿ ಎಣ್ಣಿ ಬಿಟ್ಟ ನೋಡ್ರಿ.

ಎಮ್ಮಿ ಕಟ್ಟುವಾಗ ಗೂಟಕ್ಕ ಎರಡ ಸುತ್ತ ಸುತ್ತಿ ಆಮ್ಯಾಲೆ ಗಂಟ ಹಾಕ್ರಿ. ಜಗ್ಗೆಲ್ಲಾ ಸುತ್ತ ತಿಂತೈತಿ, ಗಂಟ ಬಿಗಿಯೂದಿಲ್ಲ. ಹೊಳಿ ಬಂದಾಗ, ಬೆಂಕಿ ಬಿದ್ದಾಗ ಲಗೂನ ಬಿಚ್ಚಾಕ ಬರ್ತೇತಿ. ಬಟ್ಟಿ ಒಣಹಾಕೂ ಹಗ್ಗಕ್ಕೂ ಅದ ಪದ್ಧತಿ. ಕಬ್ಬಿನ ಟ್ರಾಲಿ ಬಿಗಿಯೂ ಹುಡುಗರನ್ನ ಲಕ್ಷ್ಯ ಕೊಟ್ಟ ನೋಡ್ರಿ, ಅವ್ರೂ ಮೊದಲ ಸುತ್ತ ಹಾಕ್ತಾರ, ಆಮ್ಯಾಲೆ ಗಂಟ.

ಆದ್ರ ನಾ ಇದನ್ನ ಬರದದ್ದು ಎಮ್ಮಿ ಸಂಬಂಧ ಅಲ್ಲ, ನಮ್ಮ ಸೆರಗಿನ ಸಂಬಂಧ. ದೋಣಿ ಹಿಡದ ನಿಂದ್ರಿಸಿದ ಆ ಸುತ್ತ ಐತೆಲ್ಲ, ಗಿರಣ್ಯಾಗ ನಮ್ಮ ಅತ್ತಿ ಕೈ ಮುರದದ್ದೂ ಅದ ಸುತ್ತ. ತಿರಗೂ ಸಲಾಕಿಗೆ ಸೆರಗ ಎರಡ ಸುತ್ತ ಸುತ್ತಗೊಂತು ಅಂದ್ರ ಮುಗೀತು. ನೀವ ಜಗ್ಗಿದಷ್ಟೂ ಅದು ಸಲಾಕಿನ್ನ ಒತ್ತತೇತಿ, ಒತ್ತಿದಷ್ಟೂ ಹಿಡೀತೇತಿ. ಆ ಹುಡುಗ ಒಳ್ಳೇ ಮನಸಲೇ ಜಗ್ಗಿದ, ಪಾಪ, ಅದ ಘಾತ ಆತು. ಅದಕ್ಕ ಸಿಕ್ಕ ಅರಿವಿ ಜಗ್ಗಬ್ಯಾಡ್ರಿ. ಮೊದಲ ಬಟನ್ ಬಂದ್ ಮಾಡ್ರಿ, ಅರಿವಿ ಕೊಯ್ಯಾಕ ಬಂದ್ರ ಕೊಯ್ರಿ. ಸಾವಿರ ರೂಪಾಯಿ ಸೀರಿ ಹೋದ್ರ ಹೋಗಲಿ.

ಗಿರಣಿಗೆ, ರಾಶಿ ಮಷೀನಿಗೆ, ಮೇವ ಕತ್ತರಿಸೂ ಮಷೀನಿಗೆ ಹೋಗುವಾಗ ಸೆರಗ ಸುತ್ತಿ ಸೊಂಟಕ್ಕ ಸಿಗಸರಿ, ಹೆರಳ ಮ್ಯಾಲೆ ಕಟ್ರಿ. ಓಡಣಿ ಹಾಕೂ ಹುಡುಗ್ಯಾರು ಹಿಂದ ಗಂಟ ಹಾಕಲಿ. ಬೈಕಿಗಂತೂ ಹಿಂದಿನ ಗಾಲಿ ಅರ್ಧಾರ ಮುಚ್ಚಿರಬೇಕ, ಅರಿವಿ ಸಿಗಬಾರದು ಅಂತ 1989ರ ಕೇಂದ್ರ ಮೋಟಾರು ವಾಹನ ನಿಯಮದಾಗನ ಐತಿ, 123ನೇ ನಿಯಮ. ಹುಡುಗರು ಚಂದ ಕಾಣೂದಿಲ್ಲ ಅಂತ ಆ ಸೀರಿ ಗಾರ್ಡ್ ಬಿಚ್ಚಿ ಅಟ್ಟದ ಮ್ಯಾಲೆ ಒಗೀತಾರ. ನಿಮ್ಮ ಮನ್ಯಾಗ ಬಿಚ್ಚಿದ್ರ ಇವತ್ತ ಹಚ್ಚಸರಿ. ಹಚ್ಚೂತನಾ ಅವನ ಗಾಡಿ ಹಿಂದ ಕುಂದ್ರೂದಿಲ್ಲ ಅಂತ ಹೇಳ್ರಿ. ನಾ ನಮ್ಮ ಮನ್ಯಾಗ ಹಂಗ ಮಾಡೀನಿ, ಒಂದ ದಿನದಾಗ ಹಚ್ಚಿದ್ರು.

ಮತ್ತ ಕಣ್ಣಿ, ಹಗ್ಗ, ಯಾವದೂ ಕೈಗೆ ಸುತ್ತಗೋಬ್ಯಾಡ್ರಿ. ಸುತ್ತೂದಿದ್ರ ಗಿಡಕ್ಕ ಸುತ್ರಿ.

ಅತ್ತಿಯವ್ರು ತೀರಿ ಈಗ ಎರಡ ವರ್ಷ ಆತು. ಆ ದಿನ ದೋಣಿಯಿಂದ ಇಳಿದವ್ರು ಸೀರಿ ಹಿಂಡಕೊಂಡು ಸೀದಾ ಬೇವಿನ ಗಿಡದ ಕಡೆ ಬಂದಿದ್ರು. ನಾ ಇನ್ನೂ ತುದಿ ಹಿಡಕೊಂಡ ನಿಂತಿದ್ದೆ, ಬಿಡಾಕ ಧೈರ್ಯ ಆಗವಲ್ದಾಗಿತ್ತು. ಅತ್ತಿಯವ್ರು ಗಿಡ ನೋಡಿದ್ರು, ಹಗ್ಗ ನೋಡಿದ್ರು.

"ಎಷ್ಟ ಸುತ್ತ ಹಾಕೀದಿ?"

"ಮೂರ ರೀ ಅತ್ತಿ."

"ಹೂಂ" ಅಂದ್ರು. ಆಮ್ಯಾಲೆ ತಾವ ನನ್ನ ಬೆರಳ ಒಂದೊಂದ ಬಿಡಿಸಿ ಹಗ್ಗ ಇಸಗೊಂಡ್ರು.